ಗುಡಿಯ ಕಂಬ, ಚರ್ಚಿನ ಗೋಡೆ: ರೋಮ್‌ನಿಂದ ಸಿರಾಕೂಸಾಕ್ಕೆ ಐದು ದಿನ

ಬುಧವಾರ

ಉಳಿದುಕೊಂಡ ಮನೆಯ ಅಡುಗೆಕೋಣೆಯಲ್ಲಿ ಒಂದು ಗೋಡೆ ಕ್ಯಾಲೆಂಡರ್ ಇತ್ತು. ಪ್ರತಿ ಚೌಕದಲ್ಲಿ ವಾರದ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆ ದಿನದ ಸಂತರ ಹೆಸರು. ಸೋಮವಾರ ಲುನೆದಿ, ಚಂದ್ರನ ದಿನ. ಮಂಗಳವಾರ ಮಾರ್ತೆದಿ, ಯುದ್ಧದೇವತೆ ಮಾರ್ಸ್‌ನ ದಿನ. ಬುಧವಾರ ಮೆರ್ಕೊಲೆದಿ, ಮರ್ಕ್ಯುರಿಯದು. ಗುರುವಾರ ಜೋವೆದಿ, ಜೂಪಿಟರ್‌ನದು. ಶುಕ್ರವಾರ ವೆನೆರ್ದಿ, ವೀನಸ್‌ಳದು. ನಮ್ಮ ಪಂಚಾಂಗದ ಗ್ರಹಗಳೇ, ಅದೇ ಕ್ರಮದಲ್ಲಿ. ಶನಿವಾರಕ್ಕೆ ಬಂದಾಗ ಮಾತ್ರ ದಾರಿ ಬದಲಾಗುತ್ತದೆ. ಅದು ಯಹೂದಿಗಳ ಸಬ್ಬತ್ತಿನಿಂದ ಬಂದ ಸಾಬತೊ. ಭಾನುವಾರವಂತೂ ದೊಮೇನಿಕಾ, ‘ಪ್ರಭುವಿನ ದಿನ’. ವಾರಗಳಿಗೆ ಹಳೆಯ ದೇವರುಗಳ ಹೆಸರಿರುವುದನ್ನು ಆರನೇ ಶತಮಾನದಲ್ಲಿ, ಈಗಿನ ಪೋರ್ಚುಗಲ್ಲಿನ ಬ್ರಾಗಾದ ಬಿಷಪ್ ಮಾರ್ಟಿನ್ ಸಹಿಸಲಿಲ್ಲ. ಪೋರ್ಚುಗೀಸರು ಇಂದಿಗೂ ಸೋಮವಾರಕ್ಕೆ ‘ಎರಡನೆಯ ದಿನ’, ಮಂಗಳವಾರಕ್ಕೆ ‘ಮೂರನೆಯ ದಿನ’ ಎಂದೇ ಎಣಿಸುತ್ತಾರೆ. ಇಟಲಿಯವರು ಐದು ದಿನ ಹಳೆಯ ದೇವರುಗಳಿಗೆ ಬಿಟ್ಟು, ಕೆಳಗೆ ಸಂತರನ್ನು ಬರೆದುಕೊಂಡರು. ಮುಂದಿನ ಐದು ದಿನವೂ ಕಂಡದ್ದು ಬಹುಪಾಲು ಇದೇ ಏರ್ಪಾಡು.

ನವೆಂಬರ್ ಆದ್ದರಿಂದ ಜನ ಕಡಿಮೆ, ಮಳೆ ಹೆಚ್ಚು. ರೋಮನ್ನರ ಹಳೆಯ ಗುಡಿ ಪಂಥಿಯನ್ ನೋಡಲು ಮಳೆಯ ದಿನವೇ ಒಳ್ಳೆಯದು. ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ಬಯಲು ಕಿಂಡಿ ಇದೆ. ಒಳಗಿನ ಬಿಸಿಗಾಳಿ ಮೇಲೇಳುವುದರಿಂದ ಅದರಲ್ಲಿ ಮಳೆ ಬೀಳುವುದೇ ಇಲ್ಲ ಎಂದು ಹೇಳುವವರಿದ್ದಾರೆ. ಬೀಳುತ್ತದೆ, ಧಾರಾಳವಾಗಿ ಬೀಳುತ್ತದೆ. ನಡುವೆ ಹಗ್ಗ ಕಟ್ಟಿ ಜನರನ್ನು ದೂರ ಇಟ್ಟಿದ್ದರು. ನೆಲ ನಡುವಿನಲ್ಲಿ ತುಸು ಉಬ್ಬಿದೆ. ನೀರು ಅಂಚಿಗೆ ಹರಿದು, ಅಮೃತಶಿಲೆಯಲ್ಲಿ ಕೊರೆದ 22 ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಮಂಡಿಯೂರಿ ನೋಡಿದರೆ ತೂತಿನ ಬಾಯಿ ಸವೆದು ನುಣುಪಾಗಿರುವುದು ಕಾಣುತ್ತದೆ. ಹಗ್ಗದಾಚೆಯ ಕಲ್ಲೂ ಜಾರುತ್ತದೆ. ನಮ್ಮೆದುರೇ ಒಬ್ಬರು ಮೇಲೆ ನೋಡುತ್ತ ನಡೆದು ಬಿದ್ದರು. ರಬ್ಬರ್ ಅಡಿಯ ಪಾದರಕ್ಷೆ ಹಾಕಿಕೊಂಡು ಹೋಗಬೇಕು.

ಈಗಿನ ಕಟ್ಟಡ ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಎರಡನೇ ಶತಮಾನದ ಮೊದಲ ದಶಕಗಳದು. ಗುಮ್ಮಟದ ಅಡ್ಡಳತೆ 43.3 ಮೀಟರ್, ನೆಲದಿಂದ ಕಿಂಡಿಗೂ ಅಷ್ಟೇ ಎತ್ತರ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ಬುಡದಲ್ಲಿ ಭಾರದ ಟ್ರಾವರ್ಟೀನ್ ಕಲ್ಲಿನ ಚೂರು, ಅದರ ಮೇಲೆ ಟಫ್ (ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಕಲ್ಲು) ಮತ್ತು ಇಟ್ಟಿಗೆ, ನೆತ್ತಿಯಲ್ಲಿ ನೀರಲ್ಲಿ ತೇಲುವ ಪ್ಯೂಮಿಸ್. ಮೇಲೆ ಹೋದಂತೆ ಗಾರೆ ಹಗುರ, ಗೋಡೆ ತೆಳು. ಇಷ್ಟು ಜಾಣತನವಿದ್ದ ಕಟ್ಟಡಗಳು ರೋಮಿನಲ್ಲಿ ಬೇರೆಯೂ ಇದ್ದವು, ಆದರೆ ಬಿದ್ದುಹೋದವು. ಇದು ನಿಂತಿರಲು ದೊಡ್ಡ ಕಾರಣ 609ರಲ್ಲಿ ನಡೆದ ಒಂದು ದಾನ. ಬೈಜಾಂಟಿಯಂ ಚಕ್ರವರ್ತಿ ಫೋಕಸ್ ಇದನ್ನು ಪೋಪ್ ನಾಲ್ಕನೇ ಬೋನಿಫೇಸ್‌ಗೆ ಕೊಟ್ಟ, ಪೋಪ್ ಇದನ್ನು ಮೇರಿ ಮಾತೆಗೂ ಹುತಾತ್ಮರಿಗೂ ಅರ್ಪಿಸಿದರು. ಚರ್ಚಾದ ಕಟ್ಟಡಕ್ಕೆ ದೀಪ ಹಚ್ಚುವವರು ಇರುತ್ತಾರೆ, ಸೋರಿದರೆ ಹೇಳುವವರು ಇರುತ್ತಾರೆ. ಯಾರಿಗೂ ಬೇಡವಾದ ಗುಡಿಗಳ ಅಮೃತಶಿಲೆಯನ್ನು ಗೂಡಿಗೆ ಹಾಕಿ ಸುಟ್ಟು ಸುಣ್ಣ ಮಾಡಿಕೊಂಡರು. ಹಳೆಯ ದೇವರ ಮನೆ ಉಳಿದದ್ದು ಹೊಸ ದೇವರು ವಾಸಕ್ಕೆ ಬಂದದ್ದರಿಂದ. ಹಾಗೆಂದು ಚರ್ಚಿನವರು ಪೂರ್ತಿ ಕಾಪಾಡಿದರೆಂದೂ ಅಲ್ಲ. ಮುಂಭಾಗದ ಮಂಟಪದ ಕಂಚನ್ನು 17ನೇ ಶತಮಾನದಲ್ಲಿ ಪೋಪ್ ಎಂಟನೇ ಅರ್ಬನ್ ಬಿಚ್ಚಿಸಿ ಕರಗಿಸಿದರು.

ಗುರುವಾರ

ಬೆಳಿಗ್ಗೆ ಫೋರಂ, ಹಳೆಯ ರೋಮಿನ ನಡುಚೌಕ. ಇಲ್ಲಿ ಎರಡು ಕಡೆ ಮಾತ್ರ ನಿಧಾನಿಸಿದರೆ ಸಾಕು. ಮೊದಲನೆಯದು ಆಂಟೊನೈನಸ್ ಮತ್ತು ಫೌಸ್ಟೀನಾ ಗುಡಿ, ಕ್ರಿ.ಶ. 141ರದ್ದು. ಕಂಬಸಾಲಿನ ಹಿಂದೆಯೇ ಸಾನ್ ಲೊರೆಂಜೊ ಚರ್ಚಿನ ಮುಖ ಕಾಣುತ್ತದೆ, ಅದರ ಹಸಿರು ಬಾಗಿಲು ನೆಲದಿಂದ ಎಷ್ಟೋ ಮೀಟರ್ ಮೇಲೆ ಗಾಳಿಯಲ್ಲಿ ತೂಗುತ್ತಿರುವಂತಿದೆ. ಬಾಗಿಲು ಇಡುವಾಗ ನೆಲ ಅಲ್ಲೇ ಇತ್ತು. ನೂರಾರು ವರ್ಷಗಳ ಹೂಳು, ಕಸ, ಬಿದ್ದ ಗೋಡೆಗಳ ಮಣ್ಣು ಸೇರಿ ಫೋರಂ ಅಷ್ಟು ಎತ್ತರಕ್ಕೆ ತುಂಬಿತ್ತು. ಪುರಾತತ್ವದವರು ಅಗೆದು ತೆಗೆದ ಮೇಲೆ ಬಾಗಿಲು ಮೇಲೆ ಉಳಿಯಿತು.

ಎರಡನೆಯದು ಸೆನೆಟ್ ಸೇರುತ್ತಿದ್ದ ಕೂರಿಯಾ. ಇದೂ ಏಳನೇ ಶತಮಾನದಲ್ಲಿ ಚರ್ಚಾಗಿ ಉಳಿದದ್ದೇ. ಇದರೊಳಗೆ ವಿಜಯದೇವತೆಯ ಪೀಠವಿತ್ತು, ಸೆನೆಟರುಗಳು ಸಭೆಗೆ ಮುನ್ನ ಅಲ್ಲಿ ಧೂಪ ಹಾಕುತ್ತಿದ್ದರು. 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ಅದನ್ನು ತೆಗೆಸಿದ. ಎರಡು ವರ್ಷದ ನಂತರ ಸೆನೆಟರ್ ಸಿಮ್ಮಾಕಸ್ ಅದನ್ನು ಮತ್ತೆ ಇಡಿಸಿಕೊಡಿ ಎಂದು ಅರ್ಜಿ ಬರೆದ. ಇಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ತಲುಪಲಾಗದು ಎಂಬುದು ಅವನ ವಾದ. ಮಿಲಾನಿನ ಬಿಷಪ್ ಆಂಬ್ರೋಸ್ ಅದನ್ನು ಖಂಡಿಸಿ ಬರೆದರು, ಪೀಠ ವಾಪಸು ಬರಲಿಲ್ಲ. ಆದರೆ ಅರ್ಜಿ, ಉತ್ತರ ಎರಡೂ ಉಳಿದು ಬಂದಿವೆ. ಸೋತವನ ಮಾತನ್ನೂ ಶತಮಾನಗಳ ಕಾಲ ಕೈಯಾರೆ ನಕಲು ಮಾಡಿ ಇಟ್ಟವರು ಕ್ರೈಸ್ತರೇ. ಆ ಕಾಲದ ದೊಡ್ಡ ಪ್ರಶ್ನೆ ಇದಾಗಿತ್ತು: ಹಳೆಯ ದೇವರುಗಳನ್ನು ಹಾಡಿದ ವರ್ಜಿಲ್, ಹೋಮರ್ ಕವಿಗಳನ್ನು ಕ್ರೈಸ್ತರು ಓದಬಹುದೇ? ಕ್ರೈಸ್ತ ದೇವಶಾಸ್ತ್ರಿ ಅಗಸ್ಟೀನ್ ಕೊಟ್ಟ ಉತ್ತರ ಒಂದು ಸಾವಿರ ವರ್ಷ ನಡೆಯಿತು. ಇಸ್ರಾಯೇಲರು ಈಜಿಪ್ಟ್ ಬಿಡುವಾಗ ಅಲ್ಲಿನ ಚಿನ್ನ ಬೆಳ್ಳಿ ಹೊತ್ತು ತಂದ ಹಾಗೆ, ಅನ್ಯರ ವಿದ್ಯೆಯಲ್ಲಿ ಒಳ್ಳೆಯದನ್ನು ತಂದುಕೊಳ್ಳಿ ಎಂದರು ಅವರು. ರೋಮನ್ ಕವಿ ಓವಿಡ್‌ನ ದೇವತೆಗಳ ಕತೆಗಳು ನಮಗೆ ಸಿಕ್ಕಿರುವುದು ಈ ಅನುಮತಿಯಿಂದ.

ಮಧ್ಯಾಹ್ನ ಒಂದು ಸಣ್ಣ ಊಟದಂಗಡಿಯಲ್ಲಿ ಕೂತೆವು. ಗೋಡೆಯ ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿತ್ತು: ಗುರುವಾರ ನ್ಯೋಕ್ಕಿ, ಶುಕ್ರವಾರ ಮೀನು, ಶನಿವಾರ ತ್ರಿಪ್ಪಾ, ಅಂದರೆ ದನದ ಜಠರ. ರೋಮಿನವರಿಗೆ ಇದು ಗಾದೆಯಷ್ಟು ಬಾಯಿಪಾಠ. ಯಾಕೆ ಹೀಗೆ ಎಂದು ಬಡಿಸುವ ಹೆಂಗಸನ್ನು ಕೇಳಿದ್ದಕ್ಕೆ, “ನಾಳೆ ಉಪವಾಸ ಅಲ್ಲವಾ, ಇವತ್ತು ಗಟ್ಟಿಯಾಗಿ ತಿನ್ನಬೇಕು” ಎಂದರು. ಯೇಸು ಶಿಲುಬೆಗೇರಿದ ವಾರವಾದ್ದರಿಂದ ಶುಕ್ರವಾರ ಮಾಂಸವಿಲ್ಲ; ಜೂಪಿಟರ್‌ನ ದಿನ ಹೊಟ್ಟೆತುಂಬ ಆಲೂಗಡ್ಡೆ ಉಂಡೆ, ವೀನಸ್‌ಳ ದಿನ ವ್ರತ. ನ್ಯೋಕ್ಕಿ ಒಳ್ಳೆಯದಾಗಬೇಕಾದರೆ ಹಳೆಯ, ಒಣ ಹಿಟ್ಟಿನ ಆಲೂಗಡ್ಡೆ ಬೇಕಂತೆ. ಹೊಸದರಲ್ಲಿ ನೀರು ಹೆಚ್ಚು, ಅದಕ್ಕೆ ಮೈದಾ ಜಾಸ್ತಿ ಸೇರಿಸಬೇಕಾಗುತ್ತದೆ, ಉಂಡೆ ರಬ್ಬರಿನಂತಾಗುತ್ತದೆ. ಸಸ್ಯಾಹಾರಿಗಳು ಟೊಮೇಟೊ ಸಾರಿನದನ್ನು ಕೇಳಿ ಪಡೆಯಬಹುದು. ಮೇಲೆ ಉದುರಿಸುವ ಪೆಕೊರೀನೊ ಚೀಸನ್ನು ಕುರಿಮರಿಯ ಹೊಟ್ಟೆಯ ಹೆಪ್ಪಿನಿಂದ ಮಾಡುತ್ತಾರೆ, ಬೇಡವೆಂದರೆ ಮೊದಲೇ ಹೇಳಬೇಕು.

ಸಾನ್ ಕ್ಲೆಮೆಂಟೆ ಚರ್ಚಿಗೆ ಮಧ್ಯಾಹ್ನದ ವಿರಾಮದಲ್ಲಿ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತದ್ದಾಯಿತು. ರೋಮಿನ ಎಷ್ಟೋ ಚರ್ಚುಗಳು ಊಟದ ಹೊತ್ತಿಗೆ ಬಾಗಿಲು ಹಾಕುತ್ತವೆ. ಕಾದದ್ದು ಸಾರ್ಥಕ. ಇಲ್ಲಿ ಕಾಲ ಮಹಡಿ ಮಹಡಿಯಾಗಿದೆ. ರಸ್ತೆಯ ಮಟ್ಟದಲ್ಲಿ 12ನೇ ಶತಮಾನದ ಚರ್ಚು. ಗರ್ಭಗುಡಿಯ ಅರೆಗುಮ್ಮಟದಲ್ಲಿ ಮೊಸಾಯಿಕ್: ಚಿನ್ನದ ನೆಲದ ಮೇಲೆ ಶಿಲುಬೆ, ಅದರಲ್ಲಿ 12 ಬಿಳಿ ಪಾರಿವಾಳ. ಶಿಲುಬೆಯ ಬುಡದಿಂದ ಹಸಿರು ಬಳ್ಳಿ ಹೊರಟು ಸುರುಳಿ ಸುರುಳಿಯಾಗಿ ಇಡೀ ಗುಮ್ಮಟ ತುಂಬಿದೆ. ಆ ಸುರುಳಿಗಳ ನಡುವೆ ಹಕ್ಕಿ, ಕೋಳಿಗೆ ಕಾಳು ಹಾಕುವ ಹೆಂಗಸು, ಡಾಲ್ಫಿನ್, ಬೆತ್ತಲೆ ಪುಟ್ಟ ಮಕ್ಕಳು. ಆ ಮಕ್ಕಳು ಹಳೆಯ ರೋಮಿನ ಕ್ಯೂಪಿಡ್‌ಗಳ ವಂಶದವರು. ಮದ್ಯದ ದೇವರು ಬಾಕಸ್‌ನ ದ್ರಾಕ್ಷಿಬಳ್ಳಿಯೇ ಇಲ್ಲಿ ಕ್ರಿಸ್ತನ ಸಭೆಯಾಗಿದೆ. ಕೆಳಗಿನ ಸಾಲಿನಲ್ಲಿ ‘ಕ್ರಿಸ್ತನ ಸಭೆಯನ್ನು ಈ ಬಳ್ಳಿಗೆ ಹೋಲಿಸುತ್ತೇವೆ’ ಎಂದೇ ಬರೆದಿದೆ.

ಟಿಕೆಟ್ ಪಡೆದು ಮೆಟ್ಟಿಲಿಳಿದರೆ ನಾಲ್ಕನೇ ಶತಮಾನದ ಚರ್ಚು, ಮೇಲಿನದು ನಿಂತಿರುವುದೇ ಇದರ ಮೇಲೆ. ಇನ್ನೂ ಇಳಿದರೆ ಒಂದನೇ ಶತಮಾನದ ಗೋಡೆಗಳು, ಅದರೊಳಗೆ ರೋಮನ್ನರು ಪೂಜಿಸುತ್ತಿದ್ದ ಮಿತ್ರ ದೇವರ ಗುಡಿ. ಹೆಸರು ಪರ್ಷಿಯಾದ ಮಿಥ್ರನದು, ಋಗ್ವೇದದ ಮಿತ್ರನ ದಾಯಾದಿ. ಉದ್ದನೆಯ ಕಮಾನುಕೋಣೆ, ಎರಡೂ ಬದಿಗೆ ನಮ್ಮ ಮನೆಗಳ ಜಗಲಿಯಂಥ ಕಲ್ಲಿನ ಕಟ್ಟೆ, ನಡುವೆ ಪೀಠ, ಅದರ ಮೇಲೆ ಗೂಳಿಯನ್ನು ಕೊಲ್ಲುವ ಮಿತ್ರ. ಭಕ್ತರು ಆ ಕಟ್ಟೆಗಳ ಮೇಲೆ ಒರಗಿ ಸಹಭೋಜನ ಮಾಡುತ್ತಿದ್ದರು. ಎಲ್ಲಿಂದಲೋ ನೀರು ಹರಿಯುವ ಸದ್ದು ಬಿಡದೆ ಕೇಳುತ್ತದೆ. ನೆಲ ತೇವ, ಗಾಳಿ ತಂಪು, ಕನ್ನಡಕ ಮಂಜಾಗುತ್ತದೆ. ಫೋಟೋ ತೆಗೆಯುವಂತಿಲ್ಲ, ಅದರಿಂದ ಕಣ್ಣಿಗೆ ಕೆಲಸ ಹೆಚ್ಚು. ಒಂದು ಗಂಟೆಯಾದರೂ ಇಟ್ಟುಕೊಳ್ಳಿ.

ಶುಕ್ರವಾರ

ವ್ಯಾಟಿಕನ್ ಮ್ಯೂಸಿಯಂ. ಬುಕಿಂಗ್ ಇಲ್ಲದೆ ಹೋಗಬೇಡಿ. ಸಿಸ್ಟೀನ್ ಚಾಪೆಲ್‌ಗೆ ಭುಜ, ಮಂಡಿ ಮುಚ್ಚಿರಬೇಕು. ಚೀಲದಲ್ಲಿ ಒಂದು ಶಾಲು ಇದ್ದರೆ ಸಾಕು. ಸಣ್ಣ ದುರ್ಬೀನು ಒಯ್ಯಿರಿ, ಚಾವಣಿ 20 ಮೀಟರ್ ಎತ್ತರದಲ್ಲಿದೆ.

ಅಂಗಳದಲ್ಲಿ ಲಾವೊಕೋನ್ ಶಿಲ್ಪ. 1506ರ ಜನವರಿಯಲ್ಲಿ ರೋಮಿನ ಒಂದು ದ್ರಾಕ್ಷಿತೋಟದ ಮಣ್ಣಿನಿಂದ ಎದ್ದು ಬಂತು. ಸುದ್ದಿ ಕೇಳಿ ನೋಡಲು ಓಡಿದವರಲ್ಲಿ ಮೈಕೆಲೇಂಜೆಲೊ ಇದ್ದ. ಪೋಪ್ ಎರಡನೇ ಜೂಲಿಯಸ್ ಕೊಂಡು ತಂದರು. ಟ್ರಾಯ್‌ನ ಪೂಜಾರಿ ಮತ್ತು ಮಕ್ಕಳನ್ನು ಹಾವುಗಳು ಸುತ್ತಿ ಹಿಂಡುತ್ತಿವೆ. ಇಂಥ ಮೈತಿರುವು ಮುಂದೆ ಯೂರೋಪಿನ ಚರ್ಚುಗಳಲ್ಲಿ ಹುತಾತ್ಮರ ಮೈಗೆ ಬಂತು.

ಎಲ್ಲರೂ ಸಿಸ್ಟೀನ್‌ಗೆ ಓಡುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರವಾಸದ ನಡುಮನೆ ರಾಫೆಲ್ ಚಿತ್ರಿಸಿದ ಸೆನ್ಯತೂರಾ ಕೋಣೆ. 1508ರಿಂದ 1511ರೊಳಗೆ ಬರೆದದ್ದು, ಪೋಪ್‌ನ ಪುಸ್ತಕಗಳಿಗಾಗಿ ಮಾಡಿದ ಕೋಣೆ. ಒಂದು ಗೋಡೆಯಲ್ಲಿ ಅಥೆನ್ಸ್‌ನ ತತ್ವಜ್ಞಾನಿಗಳು: ನಡುವೆ ಬೆರಳನ್ನು ಆಕಾಶಕ್ಕೆ ಎತ್ತಿದ ಪ್ಲೇಟೊ, ಅಂಗೈಯನ್ನು ಭೂಮಿಯ ಕಡೆ ಚಾಚಿದ ಅರಿಸ್ಟಾಟಲ್, ಮೇಲಿನ ಗೂಡುಗಳಲ್ಲಿ ಅಪೊಲೊ ಮತ್ತು ಮಿನರ್ವಾ ವಿಗ್ರಹಗಳು. ಎದುರು ಗೋಡೆಯಲ್ಲಿ ಕ್ರಿಸ್ತ, ಸಂತರು, ಕೆಳಗೆ ಪೀಠದ ಮೇಲಿನ ಪ್ರಸಾದದ ಸುತ್ತ ಚರ್ಚೆಗೆ ಕೂತ ದೇವಶಾಸ್ತ್ರಿಗಳು. ಪಕ್ಕದ ಕಿಟಕಿಯ ಮೇಲೆ ಪರ್ನಾಸಸ್ ಬೆಟ್ಟ, ಅಪೊಲೊ ತಂತಿವಾದ್ಯ ನುಡಿಸುತ್ತಿದ್ದಾನೆ, ಸುತ್ತ ಒಂಬತ್ತು ಕಲಾದೇವಿಯರು, ಹೋಮರ್, ವರ್ಜಿಲ್, ಅವರ ಜೊತೆಗೆ ಕ್ರೈಸ್ತ ಕವಿ ಡಾಂಟೆ. ಒಂದು ಗೋಡೆ ಇನ್ನೊಂದನ್ನು ಸೋಲಿಸುವುದಿಲ್ಲ. ಅಳತೆ ಸಮ, ಬೆಳಕು ಸಮ, ಎರಡರ ನಡುವೆ ನಿಂತವನೇ ಓದುಗ. ಜನಪ್ರವಾಹ ಮುಂದೆ ತಳ್ಳುತ್ತದೆ. ಕಿಟಕಿಯ ಮೂಲೆಗೆ ಸರಿದು ನಿಂತರೆ ಹತ್ತು ನಿಮಿಷ ಸಿಗುತ್ತದೆ.

ಸಿಸ್ಟೀನ್ ಚಾವಣಿಯಲ್ಲಿ ಬೈಬಲಿನ 7 ಪ್ರವಾದಿಗಳ ನಡುವೆ 5 ಸಿಬಿಲ್‌ಗಳು ಕೂತಿದ್ದಾರೆ. ಸಿಬಿಲ್ ಎಂದರೆ ಗ್ರೀಕ್-ರೋಮನ್ ಕಣಿ ಹೇಳುವವಳು. ಇವರಿಗೆ ಇಲ್ಲೇನು ಕೆಲಸ? ಕ್ರಿಸ್ತ ಹುಟ್ಟುವ ಸುಮಾರು 40 ವರ್ಷ ಮೊದಲು ವರ್ಜಿಲ್ ಒಂದು ಪದ್ಯದಲ್ಲಿ, ಕೂಮೆಯ ಸಿಬಿಲ್ ಹಾಡಿದ ಕೊನೆಯ ಯುಗ ಬಂತು, ಒಂದು ಮಗು ಹುಟ್ಟುತ್ತದೆ, ಚಿನ್ನದ ಯುಗ ಮರಳುತ್ತದೆ ಎಂದು ಬರೆದ. ಕ್ರೈಸ್ತರು ಅದನ್ನು ಯೇಸುವಿನ ಕುರಿತ ಭವಿಷ್ಯವೆಂದು ಓದಿಕೊಂಡರು. ಹೀಗೆ ಕಣಿಯ ಮುದುಕಿಗೆ ಯೆಶಾಯನ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ದುರ್ಬೀನಿನಲ್ಲಿ ಅವಳ ತೋಳು ನೋಡಿ: ಕುಸ್ತಿಯಾಳಿನ ತೋಳು, ದಪ್ಪ ಪುಸ್ತಕ ಹಿಡಿದು ಕಣ್ಣು ಕಿರಿದು ಮಾಡಿದ್ದಾಳೆ. ಪೀಠದ ಹಿಂದಿನ ಗೋಡೆಯ ಅಂತಿಮ ತೀರ್ಪಿನಲ್ಲಿ, ಬಲ ಕೆಳಮೂಲೆಯಲ್ಲಿ, ಸತ್ತವರನ್ನು ದೋಣಿಯ ಹುಟ್ಟಿನಿಂದ ಹೊಡೆದು ಕೆಳಗಿಳಿಸುವವನು ಕೇರನ್, ಗ್ರೀಕ್ ಪುರಾಣದ ಅಂಬಿಗ. ಪಕ್ಕದಲ್ಲಿ ಹಾವು ಸುತ್ತಿಕೊಂಡ ಮಿನೊಸ್. ಇವರಿಬ್ಬರು ಡಾಂಟೆಯ ನರಕದ ಮೂಲಕ ಬಂದವರು. ಆ ನರಕದಲ್ಲಿ ದಾರಿ ತೋರಿಸಿದವನು ಮತ್ತೆ ವರ್ಜಿಲ್ಲೇ.

ರಾತ್ರಿ ಬಕ್ಕಲಾ, ಉಪ್ಪು ಹಾಕಿದ ಕಾಡ್ ಮೀನು. ಎರಡು ಮೂರು ದಿನ ನೆನೆಸಿ ನೀರು ಬದಲಿಸುತ್ತಿರಬೇಕು. ಅವಸರ ಮಾಡಿದರೆ ಉಪ್ಪೂ ಬಿಡದು, ನಾರೂ ಬಿಡದು. ನಮಗೆ ಸಿಕ್ಕಿದ್ದು ಅವಸರದ್ದು.

ಶನಿವಾರ

ಬೆಳಿಗ್ಗೆ ದೊಮಿತಿಲ್ಲಾ ಭೂಗತ ಸಮಾಧಿಗಳಿಗೆ. ಮಾರ್ಗದರ್ಶಿಯ ಜೊತೆಗೇ ಇಳಿಯಬೇಕು, ಬೇಸಿಗೆಯಲ್ಲೂ ಒಳಗೆ ಚಳಿ. ಇಲ್ಲಿ ಇಷ್ಟು ದೂರ ಸುರಂಗ ತೋಡಲಾದದ್ದು ಟಫ್ ಕಲ್ಲಿನ ಗುಣದಿಂದ: ಕಡಿಯುವಾಗ ಮೆದು, ಗಾಳಿ ತಗುಲಿದ ಮೇಲೆ ಗಟ್ಟಿ. ನಮ್ಮ ಕರಾವಳಿಯ ಮುರಕಲ್ಲು ಕಡಿದವರಿಗೆ ಇದು ಗೊತ್ತಿರುವ ಸಂಗತಿ. ಇಲ್ಲಿನ ಒಂದು ಚಿತ್ರದಲ್ಲಿ ವಾದ್ಯ ಹಿಡಿದ ಆರ್ಫಿಯಸ್ ಕೂತಿದ್ದಾನೆ, ಸುತ್ತ ಪ್ರಾಣಿಗಳು. ಸತ್ತವರ ಲೋಕಕ್ಕೆ ಇಳಿದು ಮರಳಿದ ಗಾಯಕ. ಕ್ರೈಸ್ತರಿಗೆ ಅವನಲ್ಲಿ ಕ್ರಿಸ್ತ ಕಂಡ. ಕುರಿಯನ್ನು ಹೆಗಲ ಮೇಲೆ ಹೊತ್ತ ‘ಒಳ್ಳೆಯ ಕುರುಬ’ ಕ್ರಿಸ್ತನ ಭಂಗಿಯೂ ಗ್ರೀಕರಲ್ಲಿ ಬಲಿಯ ಕುರಿ ಹೊತ್ತು ತರುವವನದು. ಹೊಸ ಧರ್ಮಕ್ಕೆ ಮೊದಲು ತನ್ನದೇ ಚಿತ್ರಭಾಷೆ ಇರಲಿಲ್ಲ. ಸಮಾಧಿಗೆ ಬಣ್ಣ ಬಳಿಯುವವರಿಗೆ ಬರುತ್ತಿದ್ದದ್ದು ಹಳೆಯ ಗಿರಾಕಿಗಳಿಗೆ ಬರೆದ ಚಿತ್ರಗಳೇ.

ರಾತ್ರಿ ಸಿಸಿಲಿ ದ್ವೀಪದ ರೈಲು.

ಭಾನುವಾರ

ಬೆಳಗಾಗುವ ಮೊದಲು ರೈಲು ವಿಲ್ಲಾ ಸಾನ್ ಜೊವಾನ್ನಿಯಲ್ಲಿ ನಿಂತಿತು. ಬೋಗಿಗಳನ್ನು ಬಿಡಿಸಿ ಹಡಗಿನ ಹೊಟ್ಟೆಯೊಳಗಿನ ಹಳಿಗಳ ಮೇಲೆ ತಳ್ಳುತ್ತಾರೆ. ಮಲಗಿದ್ದವರು ಕುಲುಕಾಟಕ್ಕೆ ಎಚ್ಚರಾಗುತ್ತಾರೆ. ಇಳಿದು ಮೇಲಿನ ಡೆಕ್ಕಿಗೆ ಹೋಗಬಹುದು, ಬೋಗಿಯ ಸಂಖ್ಯೆ ನೆನಪಿಟ್ಟುಕೊಳ್ಳಿ. ಹೋಮರನ ಸಿಲ್ಲಾ ಮತ್ತು ಕರಿಬ್ಡಿಸ್ ರಾಕ್ಷಸಿಯರು ನಾವಿಕರನ್ನು ನುಂಗುತ್ತಿದ್ದ ಜಲಸಂಧಿ ಇದೇ ಎನ್ನುತ್ತಾರೆ. ಇದರ ದಡದ ರೆಜ್ಜೊಗೆ ಅಪೊಸ್ತಲ ಪೌಲನೂ ಬಂದಿದ್ದ, ಕೈದಿಯಾಗಿ, ರೋಮಿಗೆ ವಿಚಾರಣೆಗೆ ಹೋಗುವಾಗ. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಅವನ ಹಡಗಿನ ಗುರುತನ್ನೂ ಬರೆದಿದೆ: ಜೂಪಿಟರ್‌ನ ಅವಳಿ ಮಕ್ಕಳಾದ ಕ್ಯಾಸ್ಟರ್, ಪೊಲಕ್ಸ್. ನಾವಿಕರನ್ನು ಕಾಯುವ ಅವಳಿಗಳು, ನಮ್ಮ ಅಶ್ವಿನಿ ದೇವತೆಗಳ ಹಾಗೆ. ಇದೇ ಪೌಲ ಅಥೆನ್ಸಿನಲ್ಲಿ ‘ನಾವೂ ಅವನ ಸಂತತಿ’ ಎಂದು ಗ್ರೀಕ್ ಕವಿ ಅರಾಟಸ್‌ನ ಸಾಲು ಹೇಳಿದವನು. ಮೂಲದಲ್ಲಿ ಆ ಸಾಲು ಜ್ಯೂಸ್‌ನ ಸ್ತುತಿ. ರೆಜ್ಜೊಗೆ ಬರುವ ಮುಂಚೆ ಅವನು ಮೂರು ದಿನ ತಂಗಿದ್ದು ನಾವು ಹೊರಟಿದ್ದ ಸಿಸಿಲಿಯ ಊರು ಸಿರಾಕೂಸಾದಲ್ಲಿ.

ಸಿರಾಕೂಸಾದ ಕ್ಯಾಥೆಡ್ರಲ್ ಎದುರಿನಿಂದ ನೋಡಿದರೆ ಬರೋಕ್ ಚರ್ಚು, 1693ರ ಭೂಕಂಪದ ನಂತರ ಕಟ್ಟಿದ ಮುಖ. ಎಡಬದಿಯ ಮಿನರ್ವಾ ಬೀದಿಗೆ ತಿರುಗಿ. ಗೋಡೆಯಲ್ಲಿ ಅರ್ಧ ಹೂತ ಡೋರಿಕ್ ಎಂಬ ಗ್ರೀಕ್ ಶೈಲಿಯ ಕಂಬಗಳ ಸಾಲು. ಕ್ರಿ.ಪೂ. 480ರಲ್ಲಿ ಕಾರ್ತೇಜಿನವರನ್ನು ಗೆದ್ದ ಮೇಲೆ ಕಟ್ಟಿದ ಅಥೀನಾ (ರೋಮನ್ನರಿಗೆ ಮಿನರ್ವಾ) ಗುಡಿ ಇದು, ಮುಂದೆ 6, ಉದ್ದಕ್ಕೆ 14 ಕಂಬ. ಬೆರಳಿಟ್ಟರೆ ಗೀರುಗಳ ಅಂಚು ಉರುಟಾಗಿದೆ.

ಗುಡಿಯನ್ನು ಚರ್ಚು ಮಾಡುವುದು ಸುಲಭವಲ್ಲ. ಗ್ರೀಕರ ಗುಡಿ ದೇವರ ಮನೆ, ಜನರ ಮನೆಯಲ್ಲ. ಬಲಿಪೀಠ ಹೊರಗೆ, ಜನ ಹೊರಗೆ, ನಡುವಿನ ಕತ್ತಲೆ ಕೋಣೆಯಲ್ಲಿ ವಿಗ್ರಹ ಮಾತ್ರ. ಚರ್ಚಿಗೆ ಬೇಕಾದದ್ದು ನೂರಾರು ಜನ ಒಟ್ಟಿಗೆ ಕೂರುವ ಒಳಗು. ಅದಕ್ಕೇ ಮೊದಲ ದೊಡ್ಡ ಚರ್ಚುಗಳಿಗೆ ರೋಮನ್ನರು ಗುಡಿಯ ನಕ್ಷೆ ಬಿಟ್ಟು, ನ್ಯಾಯ, ವ್ಯಾಪಾರ ನಡೆಯುತ್ತಿದ್ದ ಬಸಿಲಿಕಾದ ನಕ್ಷೆ ಹಿಡಿದರು. ಇಲ್ಲಿ ಏಳನೇ ಶತಮಾನದಲ್ಲಿ ಬಿಷಪ್ ಜೋಸಿಮಸ್ ಗುಡಿಯನ್ನೇ ಅಂಗಿಯ ಹಾಗೆ ಒಳಹೊರಗು ಮಾಡಿದ. ಹೊರಗಿನ ಕಂಬಗಳ ನಡುವಿನ ಸಂದಿಗೆ ಗೋಡೆ ತುಂಬಿದ. ಒಳಕೋಣೆಯ ಎರಡು ಉದ್ದಗೋಡೆಗಳಲ್ಲಿ ತಲಾ 8 ಕಮಾನು ಕೊರೆದ. ಬಯಲಾಗಿದ್ದದ್ದು ಗೋಡೆಯಾಯಿತು, ಗೋಡೆಯಾಗಿದ್ದದ್ದು ಬಯಲಾಯಿತು. ಪೂರ್ವದ ಬಾಗಿಲು ಮುಚ್ಚಿ ಪಶ್ಚಿಮಕ್ಕೆ ಬಾಗಿಲು ಇಟ್ಟ. ಸೂರ್ಯೋದಯದತ್ತ ಹಿಂದೆ ವಿಗ್ರಹ ನೋಡುತ್ತಿತ್ತು, ಈಗ ಜನ ನೋಡುತ್ತಾರೆ. ಒಳಗಿನ ಕಮಾನಿನ ಕಂಬಗಳನ್ನು ನೋಡಿ, ಅವು ಕಂಬಗಳೇ ಅಲ್ಲ, ಕೊರೆದು ಉಳಿದ ಗೋಡೆಯ ತುಂಡುಗಳು. 878ರಲ್ಲಿ ಅರಬರು ಬಂದಾಗ ಮಸೀದಿಯಾಯಿತು, ನಾರ್ಮನ್ನರ ಕಾಲಕ್ಕೆ ಮತ್ತೆ ಚರ್ಚು. ಬಲಗಡೆ ಮೊದಲ ಚಾಪೆಲ್‌ನಲ್ಲಿ ಸ್ನಾನದೀಕ್ಷೆಯ ತೊಟ್ಟಿ: ಗ್ರೀಕ್ ಅಕ್ಷರ ಕೆತ್ತಿದ ಹಳೆಯ ಅಮೃತಶಿಲೆಯ ಪಾತ್ರೆ, ಅದನ್ನು ಹೊತ್ತಿರುವುದು ಏಳು ಪುಟ್ಟ ಕಂಚಿನ ಸಿಂಹಗಳು.

ಪೂಜೆಯ ಹೊತ್ತಿನಲ್ಲಿ ಒಳಗೆ ಅಡ್ಡಾಡಲು ಬಿಡುವುದಿಲ್ಲ, ಭಾನುವಾರ ಹೋಗುವವರು ಸಮಯ ನೋಡಿಕೊಳ್ಳಬೇಕು. ಹೊರಗೆ ಕಾಯುವಾಗ ಬೇಕರಿಯ ಹೆಂಗಸಿನ ಜೊತೆ ಮಾತಾಯಿತು. ಇಂದೇಕೆ ರಜೆ ಎಂದು ಕೇಳಿದರೆ ಎಲ್ಲರೂ ದೊಮೇನಿಕಾ ಎನ್ನುತ್ತಾರೆ. 321ರಲ್ಲಿ ಕಾನ್‌ಸ್ಟಂಟೈನ್ ಹೊರಡಿಸಿದ ಆಜ್ಞೆಯಲ್ಲಿ ಮಾತ್ರ ಈ ರಜೆ ‘ಪೂಜ್ಯ ಸೂರ್ಯನ ದಿನ’ದ್ದು. ಆಕೆಗೆ ಅದಕ್ಕಿಂತ ಡಿಸೆಂಬರ್ 13 ಮುಖ್ಯ, ಊರಿನ ಸಂತ ಲೂಚೀಯಾಳ ಹಬ್ಬ. ಅವತ್ತು ಬ್ರೆಡ್ಡಿಲ್ಲ, ಪಾಸ್ತಾ ಇಲ್ಲ, ಅಂಗಡಿಯಲ್ಲಿ ಕುಚ್ಚೀಯಾ ಮಾತ್ರ: ಇಡೀ ಗೋದಿಯನ್ನು ಮೂರು ದಿನ ನೆನೆಸಿ, ದಿನವೂ ನೀರು ಚೆಲ್ಲಿ, ಸಣ್ಣ ಉರಿಯಲ್ಲಿ ಕಾಳು ಬಿರಿಯುವ ತನಕ ಬೇಯಿಸಿ, ರಿಕೊತ್ತಾ ಚೀಸು ಸಕ್ಕರೆ ಕಲಸುವುದು. ಬರಗಾಲದಲ್ಲಿ ಬಂದರಿಗೆ ಗೋದಿಯ ಹಡಗು ಬಂತಂತೆ, ಹಸಿದವರು ಬೀಸುವಷ್ಟೂ ಕಾಯದೆ ಬೇಯಿಸಿ ತಿಂದರಂತೆ. ಇದು ಡಿಮೀಟರ್ ದೇವಿಯ ದ್ವೀಪ, ಗೋದಿಯ ದೇವಿ; ಅವಳ ಮಗಳು ಪರ್ಸೆಫೋನಿಯನ್ನು ಪಾತಾಳದ ದೊರೆ ಹೊತ್ತೊಯ್ದದ್ದು ಇಲ್ಲಿಯೇ ಎಂಬುದು ಕತೆ. ನಮ್ಮಲ್ಲೂ ಗೋದಿ ಹುಗ್ಗಿ ಇದೆ, ಆದರೆ ಬೆಲ್ಲ ಹಾಕುತ್ತೇವೆ, ಮಂಗಳೂರಿನ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿಕೊಂಡು ಮನೆಗೆ ತರುತ್ತಾರೆ ಎಂದೆವು. ಆಕೆ ಬೆಲ್ಲ ಎಂದರೇನು ಎಂದು ಕೇಳಿದರು. ಚೀಲದಲ್ಲಿ ಚಹಾಕ್ಕೆಂದು ತಂದಿದ್ದ ಒಂದು ಅಚ್ಚು ಉಳಿದಿತ್ತು. ಅಂಚು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ, ಹದಿಮೂರಕ್ಕೆ ಎಂದು ಕಪಾಟಿನಲ್ಲಿ ಇಟ್ಟರು.